ಹಿಂದಿನದು ಕಾಣದ ಫೋಟೋ

ನನ್ನ ಕ್ಯಾಮೆರಾಕ್ಕೆ ದೊಡ್ಡವರು ಸಣ್ಣವರೆಂಬ ಭೇದವಿರಲಿಲ್ಲ. ಮುಂದೆ ನಿಂತ ಶಾಸಕರ ಮೂಗು ಎಷ್ಟು ಸ್ಪಷ್ಟವೋ, ಹಿಂದೆ ಮೆಲುಕು ಹಾಕುತ್ತಿದ್ದ ಎಮ್ಮೆಯೂ ಅಷ್ಟೇ ಸ್ಪಷ್ಟ. ಪ್ಲಾಸ್ಟಿಕ್ಕಿನ ಅಗ್ಗದ ಡಬ್ಬಿ ಅದು. ತಿರುಗಿಸಲು ಫೋಕಸ್ಸಿನ ಬಳೆ ಇಲ್ಲ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು, ಅಷ್ಟೇ. ಎಂಬತ್ತರ ದಶಕದ ಕೊನೆಯಲ್ಲಿ ಚಿಕ್ಕೋಡಿಯಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ನನಗೆ ಅದು ಸಾಕಾಗಿತ್ತು. ಹಿಂದಿನ ಬ್ಯಾನರು ಓದಲು ಬರದಿದ್ದರೆ ಇದು ಯಾರ ಸಭೆ ಎಂದು ಸಂಪಾದಕರು ಕೇಳುತ್ತಿದ್ದರು. ನಮ್ಮ ವೃತ್ತಿಯಲ್ಲಿ ಮಸುಕು ಎಂದರೆ ತಪ್ಪು.

ಆ ತಪ್ಪನ್ನೇ ಮಾಡಿಕೊಡು ಎಂದವಳು ನನ್ನ ತಂಗಿ ಸುವರ್ಣಾ.

"ದಾದಾ, ಮುಖ ಅಷ್ಟ ಬರಲಿ. ಹಿಂದಿಂದು ಏನೂ ಕಾಣಬಾರದು ನೋಡು."

ಹಿಂದೆ ಎಂದರೆ ಬೆನ್ನ ಹಿಂದೆಯೂ ಹೌದು, ಕಳೆದ ಕಾಲವೂ ಹೌದು. ಮರಾಠಿಯ 'ಮಾಗೆ' ಕೂಡ ಹಾಗೆಯೇ. ನಮ್ಮ ಗಡಿಯಲ್ಲಿ ಎರಡು ಭಾಷೆಗಳು ತಕರಾರಿಲ್ಲದೆ ಒಪ್ಪಿರುವ ಸಂಗತಿಗಳಲ್ಲಿ ಇದೂ ಒಂದು. ಅವಳು ಯಾವುದನ್ನು ಹೇಳಿದಳೆಂದು ನಾನು ಕೇಳಲಿಲ್ಲ. ಅವಳ ಮೊದಲ ಸಂಬಂಧಕ್ಕೆ ಫೋಟೋ ತೆಗೆಯುವಾಗ ಸೋದರಮಾವ ಅವಳನ್ನು ಪಕ್ಕದ ಮನೆಯವರ ಹೊಸ ಟ್ರ್ಯಾಕ್ಟರಿನ ಮುಂದೆ ನಿಲ್ಲಿಸಿದ್ದ. ಕೆಂಪು ಬಣ್ಣ ಸೀರೆಗೆ ಒಪ್ಪುತ್ತದಂತೆ. ಗಂಡಿನವರು ಒಪ್ಪಿದ್ದು ಹುಡುಗಿಯನ್ನೋ ಟ್ರ್ಯಾಕ್ಟರನ್ನೋ ಎಂಬುದು ಮದುವೆಯಾದ ಮೇಲೆ ತಿಳಿಯಿತು. ಅದು ನಮ್ಮದಲ್ಲವೆಂದು ಗೊತ್ತಾದ ದಿನದಿಂದ ಆ ಮನೆಯಲ್ಲಿ ಚುಚ್ಚುಮಾತು ಶುರುವಾಯಿತು. ಕೊನೆಗೆ ಸೋಡಚೀಟಿಯಾಗಿ, ಅಂದರೆ ವಿಚ್ಛೇದನವಾಗಿ, ಬೇಡಕಿಹಾಳದ ನಮ್ಮ ಮನೆಗೇ ಬಂದಳು. ಈಗ ಉಗಾರ ಖುರ್ದದಿಂದ ಇನ್ನೊಂದು ಸಂಬಂಧ ಬಂದಿತ್ತು. ಸಕ್ಕರೆ ಕಾರ್ಖಾನೆಯ ಫಿಟ್ಟರ್, ಹೆಂಡತಿ ತೀರಿಕೊಂಡವನು. ಫೋಟೋ ಕೇಳಿದ್ದ.

ಸ್ಟುಡಿಯೋಕ್ಕೆ ಹೋಗೋಣವೆಂದರೆ ಸುವರ್ಣಾ ಅಲ್ಲಿನ ಪರದೆಯ ಮೇಲೆ ಬರೆದ ಬಂಗಲೆಯನ್ನು ನೆನೆದು, "ಟ್ರ್ಯಾಕ್ಟರ್ ಸಾಲಲಿಲ್ಲೇನು, ಇನ್ನ ಬಂಗ್ಲೇನೂ ಬೇಕೇನ?" ಎಂದಳು. ಅಥಣಿಯ ಗೆಳೆಯನೊಬ್ಬ ನನ್ನ ಡಬ್ಬಿಯನ್ನು ತಿರುವಿ ನೋಡಿ, "ಇದಕ್ಕ ಎಲ್ಲಾ ಒಂದ ಲೇ, ದೊಡ್ಡ ಲೆನ್ಸ್ ಬೇಕು" ಎಂದ. ನನಗೋ ಹಟ. ಕಬ್ಬಿನ ಹೊಲದಿಂದ ಆದಷ್ಟು ದೂರ ನಿಲ್ಲಿಸಿ ತೆಗೆದೆ, ಆದರೂ ಹಿಂದಿನ ಗರಿಗಳನ್ನು ಎಣಿಸಬಹುದಿತ್ತು. ಲೆನ್ಸಿನ ಅಂಚಿಗೆ ಕೊಬ್ಬರಿ ಎಣ್ಣೆ ಸವರಿದೆ. ಕಬ್ಬಿನ ಜೊತೆ ತಂಗಿಯೂ ಮಂಜಿನಲ್ಲಿ ಕರಗಿದಳು. "ಎಣ್ಣಿ ನಿನ್ನ ನೆತ್ತಿಗೆ ತಟ್ಟಿದ್ರ ತಂಪರ ಆಗತಿತ್ತು" ಎಂದಳು ಅವ್ವ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಗಂಡನ ಮನೆಯಿಂದ ಹಬ್ಬಕ್ಕೆ ಬಂದ ಓಣಿಯ ಹೆಣ್ಣುಮಕ್ಕಳು ಜೀಕುತ್ತಿದ್ದರು. ಸುವರ್ಣಾ ಹಬ್ಬಕ್ಕೆ ಬಂದವಳಲ್ಲ, ಬಂದು ಉಳಿದವಳು. ಜೋಕಾಲಿಯ ಹತ್ತಿರ ಹೋಗುತ್ತಿರಲಿಲ್ಲ. ಅವ್ವನೇ, "ಫೋಟೋದ ನೆವಕ್ಕರ ಕೂಡವಾ" ಎಂದಳು. ಕೂತಳು. ಒಮ್ಮೆ ಕೂತ ಮೇಲೆ ಇಳಿಯುವ ಮಾತಿಲ್ಲ. ನಾನು ಲೆನ್ಸು ತುಸು ಹೆಚ್ಚು ಹೊತ್ತು ತೆರೆದಿರುವ ಮೋಡದ ಗುರುತಿಗಿಟ್ಟು, ಅವಳು ಹೋದತ್ತ ಕ್ಯಾಮೆರಾವನ್ನೂ ತಿರುಗಿಸುತ್ತ ಒತ್ತಿದೆ. ಕಲೆಯೇನಲ್ಲ; ಅವಳು ಚೌಕಟ್ಟಿನಿಂದ ಜಾರಿಹೋಗದಿರಲಿ ಎಂಬ ಆತಂಕ.

ನಿಪ್ಪಾಣಿಯಲ್ಲಿ ತೊಳೆಸಿ ತಂದ ರೀಲಿನಲ್ಲಿ ಬಹಳಷ್ಟು ಕೆಟ್ಟಿದ್ದವು. ಒಂದರಲ್ಲಿ ಮಾತ್ರ ಮುಖ ನಿಂತಿತ್ತು. ಬೇವು, ಗೋಡೆ, ಕೊಟ್ಟಿಗೆ, ನೋಡುತ್ತಿದ್ದ ಓಣಿಯ ಜನ, ಎಲ್ಲವೂ ಹರಿಯುವ ನೀರಿನ ಗೆರೆಗಳಾಗಿದ್ದವು. ನನ್ನ ಕ್ಯಾಮೆರಾಕ್ಕೆ ಆಗದ್ದನ್ನು ಅವಳ ಜೀಕು ಮಾಡಿತ್ತು. ಅವಳು ನಗುತ್ತಿದ್ದಳು. ಅದನ್ನು ಒತ್ತುವಾಗ ನಾನು ಗಮನಿಸಿರಲಿಲ್ಲ.

ಉಗಾರದವನು ನಾವು ಕಳಿಸಿದ ಆ ಫೋಟೋ ಜೇಬಿನಲ್ಲಿಟ್ಟುಕೊಂಡೇ ಬಂದ. ಚಹಾ ತಂದ ಸುವರ್ಣಾಳ ಮುಂದೆ ಅದನ್ನು ಹಿಡಿದು, "ಮುಖ ಚಂದ ಬಂದೈತ್ರಿ. ಹಿಂದ ಏನೈತಿ ಅನ್ನೂದು ಗೊತ್ತಾಗವಲ್ದು" ಎಂದ.

ಸೋದರಮಾವ ಗಂಟಲು ಸರಿಮಾಡಿಕೊಂಡ. ಸುವರ್ಣಾ ಎದುರಿಗೇ ಕೂತಳು.

"ಕೇಳೂದಿದ್ರ ನಾನ ಹೇಳತೀನ್ರಿ."

"ಅದಕ್ಕ ಬಂದೀನ್ರಿ."

ಫೋಟೋ ಪ್ರಶ್ನೆ ಉಳಿಸಬಾರದೆಂದು ನನಗೆ ಕಲಿಸಿದ್ದರು. ಇದು ಉಳಿಸಿತ್ತು, ಕೇಳಬೇಕಾದವನು ಹೇಳಬೇಕಾದವಳನ್ನೇ ಕೇಳಿದ್ದ. ಮಾವನನ್ನು ಎಬ್ಬಿಸಿಕೊಂಡು ಹೊರಗೆ ಕಟ್ಟೆಗೆ ಬಂದೆ. ಒಳಗೆ ಮಾತು ನಡೆದೇ ಇತ್ತು, ಹೆಚ್ಚಾಗಿ ಅವಳದು. ನಡುವೆ ಒಮ್ಮೆ ಇಬ್ಬರೂ ನಕ್ಕಿದ್ದು ಕೇಳಿಸಿತು.

ಚಹಾದ ಕಪ್ಪುಗಳು ತುಂಬಿದಂತೆಯೇ ಆರಿಹೋಗಿದ್ದವು. ಅವ್ವ ಮತ್ತೆ ಚಹಾಕ್ಕಿಟ್ಟು, ಬಾಗಿಲಿಗೆ ಬಂದು ಸಣ್ಣ ದನಿಯಲ್ಲಿ ಕೇಳಿದಳು, "ಸಕ್ಕರಿ ಎಷ್ಟ ಹಾಕ್ಲೋ?"

"ಅಳಿಯಗ ಹಾಕೂವಷ್ಟ ಹಾಕಬೇ" ಎಂದೆ.