ಬಿಸಿಲಿಗಾಗಿ ಬಿದ್ದ ಬೇವು

ನಮ್ಮ ಮನೆಯ ಗಂಡಸರ ಎದೆಯ ಮೇಲೆ, ತೋಳಿನ ಮೇಲೆ ಕತ್ತಿಯ ಗುರುತುಗಳಿವೆ. ಯಾರೋ ಹೊಡೆದದ್ದಲ್ಲ, ತಾವೇ ಹೊಡೆದುಕೊಂಡದ್ದು. ನವರಾತ್ರಿ ಮುಗಿಯುವ ದಿನ ನೇಕಾರರ ಬೀದಿಯಲ್ಲಿ ತಾಯಿಯ ಮೆರವಣಿಗೆ ಹೊರಡುತ್ತದೆ. ಅಣ್ಣಂದಿರು ಬರಿಮೈಯಲ್ಲಿ ಕುಣಿಯುತ್ತ ‘ತೀಸ್ಕೋ ತಾಯೇ’, ತೆಗೆದುಕೋ ತಾಯಿ, ಎಂದು ಕೂಗಿ ತಮ್ಮ ಮೈಗೆ ತಾವೇ ಬೀಸಿಕೊಳ್ಳುತ್ತಾರೆ. ತಮ್ಮಂದಿರು ಬಟ್ಟಲು ಹಿಡಿದು ಹಿಂದೆ ನಡೆಯುತ್ತ ಗಾಯಕ್ಕೆ ಅರಿಸಿನ ಒತ್ತುತ್ತಾರೆ. ಆ ಕತ್ತಿಗೆ ಹಿಡಿದವನ ರಕ್ತವಲ್ಲದೆ ಬೇರೇನೂ ತಾಗಬಾರದು. ನಿಂಬೆಹಣ್ಣು ಕೊಯ್ಯಲೂ ಅದನ್ನು ಮುಟ್ಟುವಂತಿಲ್ಲ.

ಅಂಥ ಕತ್ತಿ ಹಿಡಿದುಕೊಂಡು ನನ್ನ ದೊಡ್ಡಪ್ಪ ಒಂದು ಬೆಳಗ್ಗೆ ನಮ್ಮ ಮಗ್ಗದ ಶೆಡ್ಡಿನ ಸೂರು ಹತ್ತಿದ.

ನಮ್ಮ ಬೀದಿ ಇರುವುದು ತಮಿಳು ಸೀಮೆಯಲ್ಲಿ, ಕಿಣತ್ತುಕಡವಿನ ಆಚೆ. ಅಪ್ಪನೂ ಅವನ ಮಗಳು ನಾನೂ ವಿದ್ಯುತ್ ಮಗ್ಗ ಓಡಿಸುತ್ತೇವೆ. ಪಕ್ಕದ ಮನೆಯ ದೊಡ್ಡಪ್ಪನದು ಕೈಮಗ್ಗ. ನಮ್ಮ ಟವೆಲ್‌ಗಳನ್ನು ಕೊಳ್ಳುತ್ತಿದ್ದದ್ದು ತಿರುಪ್ಪೂರಿನ ಒಂದು ರಫ್ತು ಕಂಪನಿ. ಕಂಪನಿಯವರು ಬಂದು, ಭೂಮಿ ಬಿಸಿಯೇರುತ್ತಿದೆ, ಹೊರದೇಶದ ಗಿರಾಕಿಗಳು ಈಗ ಬಿಸಿಲಿನ ಕರೆಂಟಿನಲ್ಲಿ ನೇಯ್ದ ಟವೆಲ್ಲೇ ಬೇಕೆನ್ನುತ್ತಾರೆ, ಸೋಲಾರ್ ಹಾಕಿಸಿ, ಬಂದು ಫೋಟೋ ತೆಗೆಯುತ್ತೇವೆ, ಇಲ್ಲವಾದರೆ ಆರ್ಡರ್ ಇಲ್ಲ ಎಂದರು. ಆರ್ಡರ್ ಹೋದರೆ ಮಗ್ಗಗಳು ಗುಜರಿಗೆ. ಬೀದಿಯಲ್ಲಿ ಹಾಗೆ ಹೋದ ಮಗ್ಗಗಳನ್ನು ನಾನು ಕಣ್ಣಾರೆ ಕಂಡಿದ್ದೆ. ಸುತ್ತಿಗೆಯಲ್ಲಿ ಒಡೆದು, ತುಂಡು ತುಂಡಾಗಿಯೇ ಲಾರಿಗೆ ಎಸೆಯುತ್ತಾರೆ.

ಶೆಡ್ಡಿನ ಸೂರಿನ ಮೇಲೆ ಸೋಲಾರ್ ಹಲಗೆ ಹಾಕಿಸಿದೆವು. ಎರಡು ಮನೆಗಳ ನಡುವೆ ತಾತ ನೆಟ್ಟ ಬೇವಿನ ಮರವಿತ್ತು. ಅದರ ನೆರಳು ಬೆಳಗಿನಿಂದ ಮಧ್ಯಾಹ್ನದವರೆಗೆ ಹಲಗೆಗಳ ಮೇಲೆ ಕೂತಿರುತ್ತಿತ್ತು. ಒಂದು ಹಲಗೆ ನೆರಳಿಗೆ ಸಿಕ್ಕರೂ ಇಡೀ ಸಾಲಿನ ಕರೆಂಟೇ ಸಪ್ಪೆ.

ಅದೇ ನೆರಳಿನಲ್ಲಿ ದೊಡ್ಡಪ್ಪ ಪಾವು ಹಾಕುತ್ತಿದ್ದ. ಮಗ್ಗಕ್ಕೆ ಏರಿಸುವ ಉದ್ದದ ನೂಲನ್ನು ಬೀದಿಯಲ್ಲಿ ಉದ್ದಕ್ಕೆ ಬಿಗಿದು, ಗಂಜಿ ಹಚ್ಚಿ, ದೊಡ್ಡ ಬ್ರಶ್ಶಿನಿಂದ ಬಾಚುವ ಕೆಲಸ ಅದು. ನೆರಳಲ್ಲಿ ಗಂಜಿ ನಿಧಾನವಾಗಿ ಒಣಗಬೇಕು, ಬಿಸಿಲು ಬಿದ್ದರೆ ನೂಲು ಪಟಪಟನೆ ಹರಿಯುತ್ತದೆ. ಈಗಿನ ಬಿಸಿಲೋ, ಕಾಫಿ ಕುಡಿಯುವ ಹೊತ್ತಿಗೇ ಬೆನ್ನು ಸುಡುತ್ತದೆ. ದೊಡ್ಡಪ್ಪನ ಮಗ್ಗಕ್ಕೆ ಕರೆಂಟೇ ಬೇಡ. ಆದರೂ ಅದರ ಫೋಟೋ ತೆಗೆಯಲು ಯಾವ ಕಂಪನಿಯೂ ಬರಲಿಲ್ಲ.

‘ಅಣ್ಣಾ, ಈ ಕಡೆ ಕೊಂಬೆನಾದ್ರೂ ಕಡ್ಯಾಣ’ ಎಂದು ಅಪ್ಪ ಕೇಳಿದ.

‘ನೆಳಲು ಹೋದ್ರೆ ನನ್ ಪಾವು ನಿಲ್ಲಾದಿಲ್ಲ. ನಿನ್ ಮಿಷನ್‌ಗೆ ನನ್ ಸೋರು, ನನ್ ಅನ್ನಾನೇ ಕಡೀತೀಯ?’

‘ಮರ ನಿನ್ಗೊಬ್ಬನ್ಗೇನಾ ಸೊಂತ?’

ದೊಡ್ಡಪ್ಪ ಅಪ್ಪನ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಚರಂಡಿಗೆ ಬಿತ್ತು. ಬಾಗಿಲುಗಳಲ್ಲಿ ನಿಂತ ಹೆಂಗಸರೆಲ್ಲ ನೋಡಿದರು. ಮೊಮ್ಮಕ್ಕಳಿರುವ ಅಪ್ಪ ಹೊಡೆತ ತಿಂದ ಹುಡುಗನ ಹಾಗೆ ಚರಂಡಿಯಲ್ಲಿ ಕೈಯಾಡಿಸಿ ಕನ್ನಡಕ ಹುಡುಕಿದ.

ಮರುದಿನ ಅಪ್ಪ ಮಿಷನ್ ಗರಗಸದವರನ್ನು ಕರೆತಂದ. ತಕ್ಷಣ ಕೊಯ್ಯಲು ಹೇಳಲಿಲ್ಲ. ದೊಡ್ಡಪ್ಪ ಪಾವು ಬಿಗಿದು, ಗಂಜಿ ಹಚ್ಚಿ, ಬ್ರಶ್ಶು ಕೈಗೆತ್ತಿಕೊಳ್ಳುವವರೆಗೆ ಕಾದ. ಗಂಜಿ ಬಿದ್ದ ಮೇಲೆ ಬಾಚುವುದನ್ನು ನಿಲ್ಲಿಸಿದರೆ ನೂಲೆಲ್ಲ ಅಂಟಿ ಹಗ್ಗವಾಗುತ್ತದೆ. ಅಪ್ಪನೂ ನೇಕಾರನೇ, ಅದು ಗೊತ್ತಿದ್ದೇ ಆ ಹೊತ್ತನ್ನು ಆರಿಸಿಕೊಂಡದ್ದು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಗರಗಸ ಅರಚುತ್ತಿತ್ತು. ದೊಡ್ಡಪ್ಪ ಬೈಯುತ್ತ, ಅಳುತ್ತ, ಬಾಚುತ್ತಲೇ ಇದ್ದ. ಮರ ಹಿತ್ತಿಲ ಕಡೆಗೆ ಉರುಳಿತು. ಬಿಸಿಲು ಒಮ್ಮೆಲೇ ಬೀದಿಗೆ ಸುರಿಯಿತು. ಸ್ವಲ್ಪ ಹೊತ್ತಿಗೆ ನೂಲು ಹರಿಯತೊಡಗಿತು, ಮೊದಲು ಅಂಚಿನಲ್ಲಿ, ಆಮೇಲೆ ನಡುವೆ. ದೊಡ್ಡಪ್ಪ ಬ್ರಶ್ಶು ಬಿಸಾಡಿ ಒಳಗೆ ಹೋದ. ಹೊರಗೆ ಬಂದಾಗ ತಾಯಿಯ ಕತ್ತಿ ಅವನ ಕೈಯಲ್ಲಿತ್ತು.

ಏಣಿ ಹತ್ತಿ ಹಲಗೆಗಳನ್ನು ಕಡಿದ. ಹಲಗೆಯ ಗಾಜು ಚೂರಾಗಿ ಉದುರುವುದಿಲ್ಲ, ಬಲೆಯ ಹಾಗೆ ಬಿರಿದು ನಿಲ್ಲುತ್ತದೆ. ಅದು ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು. ಕಡಿದಲ್ಲೇ ಕಡಿದ. ಅಪ್ಪ ಹಿಂದೆಯೇ ಹತ್ತಿ ಅವನ ಸೊಂಟ ಹಿಡಿದ. ನಾನು ಮಗ್ಗದ ಕೋಲು ತೆಗೆದುಕೊಂಡು ಹತ್ತಿ ದೊಡ್ಡಪ್ಪನ ಬೆನ್ನಿಗೆ ಬಾರಿಸಿದೆ. ಸತ್ತರೆ ಸಾಯಲಿ ಅಂತಲೇ ಬಾರಿಸಿದೆ. ಅವನು ತಿರುಗಿ ಬೀಸಿದ. ಅಪ್ಪ ನನಗೆ ಅಡ್ಡವಾಗಿ ಬಲಗೈ ಒಡ್ಡಿದ. ಕತ್ತಿ ಮಣಿಕಟ್ಟಿನಲ್ಲಿ ಇಳಿಯಿತು.

ರಕ್ತ ಒಡೆದ ಗಾಜಿನ ಗೆರೆಗಳೊಳಗೆ ಹರಿಯಿತು. ದೊಡ್ಡಪ್ಪ ಕತ್ತಿಯನ್ನು ನೋಡಿದ, ತನ್ನ ಮೈ ನೋಡಿಕೊಂಡ. ಎಲ್ಲಿಯೂ ಗಾಯವಿರಲಿಲ್ಲ. ಏಣಿಯಿಂದ ಅರ್ಧಕ್ಕೇ ಹಾರಿ, ಅಡಿಗೆಮನೆಯಿಂದ ಅರಿಸಿನದ ಡಬ್ಬಿ ತಂದು, ಅಷ್ಟನ್ನೂ ಅಪ್ಪನ ಕೈಗೆ ಸುರಿದು ಒತ್ತಿ ಹಿಡಿದ. ಆಸ್ಪತ್ರೆಯಲ್ಲಿ ಅಣ್ಣ ತಮ್ಮ ಇಬ್ಬರೂ ಹೇಳಿದ್ದು ಒಂದೇ ಮಾತು, ಗಾಜು ಕೊಯ್ದಿತು ಎಂದು.

ಗಾಯ ಮಾಯಿತು, ಬೆರಳುಗಳು ಮಡಚಲಿಲ್ಲ. ಅಪ್ಪ ಇನ್ನು ಹರಿದ ನೂಲಿಗೆ ಗಂಟು ಹಾಕಲಾರ.

ಹೊಸ ಹಲಗೆ ಹಾಕಿಸಿದೆವು. ಕಂಪನಿಯಿಂದ ಒಬ್ಬ ಹೆಂಗಸು ಬಂದು ಸೂರಿನ ಫೋಟೋ ತೆಗೆದುಕೊಂಡಳು. ಬೆವರು ಒರೆಸಿಕೊಳ್ಳುತ್ತ, ನಿಲ್ಲಲು ಒಂದು ನೆರಳೂ ಇಲ್ಲವಾ ಎಂದು ತಮಿಳಿನಲ್ಲಿ ಕೇಳಿದಳು. ಅವಳನ್ನು ಅಲ್ಲೇ ತದುಕಬೇಕೆನಿಸಿತು. ಕುಡಿಯಲು ಮಜ್ಜಿಗೆ ಕೊಟ್ಟೆ. ಆರ್ಡರ್ ಉಳಿಯಿತು. ದೊಡ್ಡಪ್ಪನ ಮಗ್ಗ ನಿಂತಿತು.

ಆ ವರ್ಷದ ನವರಾತ್ರಿಗೆ ಹಿರಿಯರು ಅವನ ಕತ್ತಿಯನ್ನು ಮೆರವಣಿಗೆಯೊಳಗೆ ಬಿಡಲಿಲ್ಲ. ಬೇರೆಯವರ ರಕ್ತ ಕಂಡ ಕತ್ತಿ ಅದು. ದೊಡ್ಡಪ್ಪ ಬರಿಗೈಯಲ್ಲೇ ಕುಣಿದ, ಮುಷ್ಟಿಯಿಂದ ಎದೆ ಗುದ್ದಿಕೊಂಡ. ಅಪ್ಪ ಎಡಗೈಯಲ್ಲಿ ಅರಿಸಿನದ ಬಟ್ಟಲು ಹಿಡಿದು ಹಿಂದೆ ನಡೆದ. ಒತ್ತಲು ಗಾಯವೇ ಇರಲಿಲ್ಲ. ತುಂಬಿದ ಬಟ್ಟಲನ್ನು ಹಾಗೇ ಮನೆಗೆ ತಂದು ಬೇವಿನ ಬುಡಕ್ಕೆ ಸುರಿದ.

ಬುಡದಲ್ಲಿ ಕೆಂಪು ಚಿಗುರು ಒಡೆದಿತ್ತು. ದೊಡ್ಡಪ್ಪ ದಿನಾ ನೀರು ಹಾಕುತ್ತಿದ್ದುದು ನನಗೆ ಗೊತ್ತು.

‘ಇದು ಬೆಳೆದ್ರೆ ತಿರುಗಾ ನೆಳಲು ಬೀಳ್ತದೆ’ ಎಂದೆ.

‘ಬೀಳ್ಲಿ, ಅಮ್ಮಿಣಿ’ ಎಂದ ಅಪ್ಪ. ‘ಆಗ ನೀನೇ ಕಡಿ. ನನ್ ಕೈಲಿ ಆಗಾದಿಲ್ಲ.’