ಸಾಲಿನ ಮೇಲಿನ ಬೆರಳು

ಮೊನ್ನೆ ಭಾನುವಾರ ಆಳಂದದ ನಮ್ಮ ಪ್ರಾರ್ಥನಾ ಮಂದಿರದಲ್ಲಿ ವಚನ ಓದುವ ಸರದಿ ನನಗೆ ಬಂತು. ಬೈಬಲ್ ತೆರೆದ ಕೂಡಲೇ ಪಕ್ಕದಲ್ಲಿದ್ದ ದಾವೀದಪ್ಪ ಕಾಕಾ ಹಳೆಯ ರೂಢಿಯಂತೆ ಪುಟದ ಮೇಲೆ ಬೆರಳಿಟ್ಟರು. ಅವರಿಗೆ ಈಗ ಕಣ್ಣು ಕಾಣುವುದಿಲ್ಲ. ಕಣ್ಣು ಹೋದ ಮೇಲೆ ಮನೆ ಹಿಡಿದಿದ್ದವರನ್ನು ಅಂದು ನಾನೇ ಒತ್ತಾಯಿಸಿ ಕರೆತಂದಿದ್ದೆ.

ನಮ್ಮಲ್ಲಿ ಎಲ್ಲರೂ ಸರದಿಯಂತೆ ಒಂದೊಂದು ವಚನ ಓದಬೇಕು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟ ಗೌಂಡಿ. ನನ್ನ ಗೋಡೆಯಲ್ಲಿ ಯಾರೂ ಸೊಟ್ಟ ತೋರಿಸಲಾರರು. ಆದರೆ ವಯಸ್ಸಿನಲ್ಲಿದ್ದಾಗ ಒಮ್ಮೆ ಓದುತ್ತ ತಡವರಿಸಿದೆ, ಯಾರೋ ನಕ್ಕರು. ಆಮೇಲೆ ಸಭೆಗೆ ಹೋಗುವುದನ್ನೇ ಬಿಟ್ಟೆ. ಖಜೂರಿ ಹಳ್ಳಿಯಲ್ಲಿ ನಾನು ಕಟ್ಟುತ್ತಿದ್ದ ಮನೆಗೆ, ನನ್ನನ್ನು ಮತ್ತೆ ಸಭೆಗೆ ಕರೆಯಲು ಕಾಕಾ ಬೈಬಲ್ ಹಿಡಿದೇ ಬಂದರು.

“ಬ್ಯಾಡ್ರಿ ಕಾಕಾ, ಮಂದಿ ನಗ್ತಾರ.”

“ನಗ್ಲಿ ಬಿಡಲೇ! ಇಟ್ಟಂಗಿ ಒಂದೊಂದೇ ಇಡ್ತಿ, ಅಕ್ಷರನೂ ಹಂಗೇ ಇಡು. ನಾ ಬಾಜೂಕ ಕುಂತು ಬೆರಳು ಹಿಡೀತೀನಿ.”

ಅಂದಿನಿಂದ ಎಷ್ಟೋ ವರ್ಷ ನನ್ನ ಸಾಲಿನ ಕೆಳಗೆ ಅವರ ಬೆರಳು ಸಾಗಿತು. ನಾನು ಎಡವಿದಲ್ಲಿ ಅವರೂ ಮೆಲ್ಲಗೆ ಜೊತೆಗೆ ಓದುತ್ತಿದ್ದರು.

ಮೊನ್ನೆ ಆ ಬೆರಳು ಬೇರೆಯೇ ಸಾಲಿನ ಮೇಲಿತ್ತು. ಅದನ್ನು ಸರಿಸಲು ಮನಸ್ಸಾಗಲಿಲ್ಲ. ಪುಸ್ತಕವನ್ನೇ ತುಸು ಮೇಲೆ ಸರಿಸಿ, ನನ್ನ ಸಾಲನ್ನು ಆ ಬೆರಳಿನ ನೇರಕ್ಕೆ ತಂದು ಓದಿದೆ.

“ಸರಿ ಹಿಡಿದೀನೇನು?” ಕಾಕಾ ಪಿಸುಗುಟ್ಟಿದರು.

“ಬರೋಬ್ಬರಿ ಹಿಡಿದೀರಿ. ಮುಂದಿನ ಐತವಾರನೂ ನೀವೇ ಹಿಡೀಬೇಕ್ರಿ.”

ಆ ಬೆರಳಿಲ್ಲದೆಯೂ ಈಗ ನಾನು ಓದಬಲ್ಲೆ. ಕಾಕಾನಿಗೆ ಮಾತ್ರ ಅದನ್ನು ಹೇಳಿಲ್ಲ.