ನಡುಮಧ್ಯಾಹ್ನ ನಿದ್ದೆಗೆಡಿಸಿದ ಡಾಕ್ಟರಮ್ಮ

ಗಾಯದ ನಂಜು ಮೈಯೆಲ್ಲ ಏರುವ ಸೆಪ್ಸಿಸ್ ಎಂಬ ಕಾಯಿಲೆ ಸದ್ದುಮಾಡಿ ಬರುವುದಿಲ್ಲ. ಅದರ ಹೆಜ್ಜೆಯನ್ನು ಮೊದಲೇ ಗುರುತಿಸುವುದನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದವರು ಪರಗ್ವಾಯ್ ನದಿದಂಡೆಯ ನಮ್ಮೂರ ಆಸ್ಪತ್ರೆಯ ಡಾ. ದೇಯಿದಾಮಿಯಾ ಒವೆಲಾರ್. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ತುರ್ತು ಚಿಕಿತ್ಸಾ ವಿಭಾಗದ ಹೊಣೆ ಹೊರಲಿರುವ ಶಿಷ್ಯ ಡಾ. ಸೆಲ್ಸೊ ಇನ್ಸ್‌ಫ್ರಾನ್‌ಗೆ ಹೆಮ್ಮೆಯೂ ಇದೆ, ಒಳಗೊಳಗೇ ಪುಕುಪುಕು ಕೂಡ ಇದೆ.

ಡಾಕ್ಟರಮ್ಮ ಸೇವೆಗೆ ಸೇರಿದ ಹೊಸತರಲ್ಲಿ ಒಬ್ಬ ಎಳೆಯ ಮೀನುಗಾರ ಆಸ್ಪತ್ರೆ ತಲುಪುವಷ್ಟರಲ್ಲಿ ನಂಜು ಕೈಮೀರಿ ತೀರಿಕೊಂಡ. ಸತ್ತವರಿಗಾಗಿ ನಡೆಸುವ ಒಂಬತ್ತು ದಿನದ ಪ್ರಾರ್ಥನೆಗೆ ಅವನ ಮನೆಗೆ ಹೋದ ಅವರು, ಮೊದಲು ಏನು ಕಂಡಿತೆಂದು ತಾಯಿಯನ್ನು ಮೆಲ್ಲಗೆ ಕೇಳಿದರು. "ಊಟ ಆದ್ಮೇಲೆ ಮಲಗಿದ್ದ ಕಣಮ್ಮ. ದಣಿದಿದಾನೆ, ಎಬ್ಬಿಸೋದು ಬೇಡ ಅಂತ ಸುಮ್ನಾದೆ" ಎಂದಳು ಆಕೆ.

ನಡುಮಧ್ಯಾಹ್ನ ಮಲಗಿದವರನ್ನು ಎಬ್ಬಿಸುವುದು ನಮ್ಮೂರಲ್ಲಿ ಮಹಾಪಾಪ. ನದಿಯೂ ತೂಕಡಿಸುವ ಆ ಹೊತ್ತಿನಲ್ಲಿ, ಲಪಾಚೊ ಹೂಗಳು ಉದುರುವ ಆಸ್ಪತ್ರೆಯ ಅಂಗಳದಲ್ಲಿ, ಸರದಿಗೆ ಕಾದು ಮಲಗಿದವರ ನಡುವೆ ಡಾಕ್ಟರಮ್ಮ ತಣ್ಣೀರಲ್ಲಿ ಎಲೆ ನೆನೆಸಿದ ತೆರೆರೆ ಪಾನೀಯದ ಲೋಟ ಹಿಡಿದು ಅಂದಿನಿಂದ ಆ ಪಾಪವನ್ನು ತಪ್ಪದೆ ಮಾಡುತ್ತ ಬಂದರು. ಬೈದು ಎದ್ದವರು ಕ್ಷೇಮ. ಲೋಟ ಕಂಡೂ ಏನೆಂದು ತಿಳಿಯದವರಿಗೆ ಒಂದು ಹನಿಯೂ ಕೊಡದೆ ನೇರ ಒಳಗೆ ಹಾಸಿಗೆ.

ಹಾಗೊಂದು ಮಧ್ಯಾಹ್ನ ಕಾಲಿನ ಹುಣ್ಣು ತೋರಿಸಲು ಬಂದು ಬೆಂಚಿನ ಮೇಲೆ ಮಲಗಿದ್ದವರು ಸೆಲ್ಸೊನನ್ನು ಸಾಕಿದ ಚಿಕ್ಕಮ್ಮ ನಿನ್ಫಾ.

"ಜ್ವರ ಇಲ್ಲ ಮೇಡಂ. ಮನೇಲೂ ಹೀಗೇ, ಗೊರಕೆ ಹೊಡೀತಾ ಮಲಗ್ತಾರೆ" ಎಂದು ಸೆಲ್ಸೊ ನಕ್ಕು ಮುಂದೆ ಹೋದ.

ಡಾಕ್ಟರಮ್ಮ ಅವರ ಭುಜ ಅಲುಗಿಸಿ ಲೋಟ ಒಡ್ಡಿದರು. ಚಿಕ್ಕಮ್ಮ ಬೈಯಲಿಲ್ಲ; ಮಗುವಿನಂತೆ ನಕ್ಕು, ಲೋಟವನ್ನು ಕಿವಿಗೆ ಹಿಡಿದರು. ಉಸಿರು ಓಡುತ್ತಿತ್ತು, ಬೆರಳು ತಣ್ಣಗಿದ್ದವು.

"ಇದು ನಿದ್ದೆಯಲ್ಲ ಸೆಲ್ಸೊ, ನಂಜು. ಎತ್ಕೋ!"

ರಕ್ತಪರೀಕ್ಷೆ, ಸಲೈನು, ಆಂಟಿಬಯೋಟಿಕ್ ಎಲ್ಲವೂ ಒಂದೇ ಉಸಿರಿಗೆ ನಡೆದವು. ಮೂರು ದಿನ ಸೆಲ್ಸೊ ಅನ್ನನೀರು ಮರೆತ. ನಾಲ್ಕನೆಯ ದಿನ ಬೆಳಿಗ್ಗೆ ಚಿಕ್ಕಮ್ಮ ಕಣ್ಣುಬಿಟ್ಟು, "ಗಡ್ಡ ಬೋಳಿಸ್ಕೊಂಡು ಬಾರೋ, ಹೆಣ ಕಾಯೋನ ಹಾಗಿದೀಯ" ಎಂದರು. ಅವನು ಅತ್ತುಬಿಟ್ಟ.

ಮೊನ್ನೆ ನಿವೃತ್ತಿಯ ಸುದ್ದಿ ಕೇಳಿ ಚಿಕ್ಕಮ್ಮನ ಮುಖ ಬಾಡಿತು. "ಇನ್ಮೇಲೆ ನಾನು ಕಾಯಿಲೆ ಬಿದ್ರೆ ಯಾರೋ ನೋಡೋರು?"

"ನಾನಿದೀನಲ್ಲ ಚಿಕ್ಕಮ್ಮ."

"ಅದಕ್ಕೇ ಕೇಳಿದ್ದು ಕಣೋ."

ಆದಕಾರಣ ಪೂಜ್ಯ ಡಾಕ್ಟರಮ್ಮನವರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ, ಆಗಾಗ ನಮ್ಮ ಅಂಗಳಕ್ಕೆ ಬಂದು, ಸೆಲ್ಸೊ ನಕ್ಕು ಮುಂದೆ ಹೋದ ಬೆಂಚಿನ ಬಳಿ ಒಂದು ಗಳಿಗೆ ನಿಲ್ಲಲಿ.